ತೊಂಬತ್ತು ದಿನಕ್ಕೊಮ್ಮೆ ಬರುತ್ತಿದ್ದವರು

ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಮೂವತ್ತನಾಲ್ಕು ವರ್ಷ ಒಂದೇ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್ ಆಗಿದ್ದಳು. ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಕಸ ಗುಡಿಸುವವಳಿಂದ ಹಿಡಿದು ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮನವರೆಗೆ ಎಲ್ಲರಿಗೂ ಅವಳು ‘ಬಣ್ಣದಕ್ಕ’. ಹೊಸದಾಗಿ ಕೆಲಸಕ್ಕೆ ಸೇರಿದವರು, ಇದ್ಯಾರೋ ಭಾರಿ ಅಲಂಕಾರ ಮಾಡಿಕೊಂಡು ಬರುವ ಹೆಂಗಸಿರಬೇಕು ಅಂದುಕೊಂಡು, ಮಾಸಿದ ಬಿಳಿ ಕೋಟಿನ, ಬಿಗಿಯಾಗಿ ತಲೆ ಕಟ್ಟಿಕೊಂಡ ಅತ್ತೆಯನ್ನು ಕಂಡು ಪೆಚ್ಚಾಗುತ್ತಿದ್ದರಂತೆ.

ಆ ಹೆಸರು ಬಂದದ್ದು ಅವಳ ಕಣ್ಣಿನಿಂದ. ಫ್ರಿಜ್ಜಿನಿಂದ ತೆಗೆದ ಯಾವ ರಕ್ತದ ಚೀಲವನ್ನೂ ಅವಳು ಕಿಟಕಿಯ ಬೆಳಕಿಗೆ ಹಿಡಿದು, ಮಗುಚಿ, ಮತ್ತೊಮ್ಮೆ ಹಿಡಿದು ನೋಡದೆ ವಾರ್ಡಿಗೆ ಕೊಟ್ಟವಳಲ್ಲ. ಪ್ರತಿ ಚೀಲಕ್ಕೂ ಅಂಟಿಕೊಂಡಂತೆ ಒಂದು ಸಪೂರ ಕೊಳವೆ ಇರುತ್ತದೆ. ಅದರಲ್ಲೂ ಅದೇ ದಾನಿಯ ರಕ್ತವನ್ನೇ ತುಂಬಿ, ಅಲ್ಲಲ್ಲಿ ಒತ್ತಿ ಮುಚ್ಚಿರುತ್ತಾರೆ. ಅತ್ತೆ ಚೀಲವನ್ನೂ ಕೊಳವೆಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಎರಡೂ ಒಂದೇ ಬಣ್ಣವಿದ್ದರೆ ಸರಿ. ಚೀಲ ಕಪ್ಪಿಟ್ಟು ಕೊಳವೆ ಕೆಂಪಾಗೇ ಉಳಿದಿದ್ದರೆ ಒಳಗೆ ಏನೋ ಬೆಳೆಯುತ್ತಿದೆ ಅಂತ ಅರ್ಥ. ಕೊಳವೆಯ ಆ ಒಂದೆರಡು ಹನಿಯಲ್ಲಿ ಕ್ರಿಮಿ ಸಿಕ್ಕಿಕೊಂಡಿರುವುದು ಅಪರೂಪ.

“ಫ್ರಿಜ್ಜಲ್ಲಿಟ್ರೆ ಯಾವ್ದೂ ಕೆಡಲ್ಲ ಅಂತ ಜನ ನಂಬ್ಕೊಂಡಿದಾರೆ ಪುಟ್ಟಿ,” ಅನ್ನುತ್ತಿದ್ದಳು ನನಗೆ. “ಕ್ರಿಮಿಗಳಲ್ಲೂ ಚಳಿ ಅಂದ್ರೆ ಖುಷಿಪಡೋ ಜಾತಿ ಇರುತ್ತೆ. ಬೇರೆಯವೆಲ್ಲ ಮುದುರ್ಕೊಂಡು ಮಲಗಿದ್ರೆ ಅದು ಎದ್ದು ಕೂತು ಊಟಕ್ಕೆ ಬಡಿಸ್ಕೊಳ್ಳುತ್ತೆ.”

ವಾರ್ಡಿಗೆ ಹೋದ ಚೀಲ ಅರ್ಧ ಗಂಟೆಗಿಂತ ಹೆಚ್ಚು ಹೊರಗಿದ್ದರೆ ಅದನ್ನು ಮತ್ತೆ ಫ್ರಿಜ್ಜಿಗೆ ಇಡುವಂತಿಲ್ಲ. ನರ್ಸುಗಳು ಮರೆತು, ಮೇಜಿನ ಮೇಲೆ ಒಂದು ಗಂಟೆ ಬಿಟ್ಟು, ಆಮೇಲೆ ಮೆಲ್ಲನೆ ತಂದು ಕೊಟ್ಟರೆ ಅತ್ತೆ ಗಡಿಯಾರ ನೋಡಿ, “ಇವಳಿಗೆ ತವರಿಗೆ ಬರೋ ಟೈಮು ಮೀರಿಹೋಯ್ತಮ್ಮ” ಅಂತ ಕೆಂಪು ಚೀಟಿ ಅಂಟಿಸಿ ಬೇರೆ ಇಡುತ್ತಿದ್ದಳು. ಎಷ್ಟು ಗೋಗರೆದರೂ ಅಷ್ಟೇ.

ಅವಳಿಗೆ ಮದುವೆ ಆಗಿರಲಿಲ್ಲ. ಯಾರಾದರೂ ಕೇಳಿದರೆ “ಪುರುಸೊತ್ತು ಸಿಗಲಿಲ್ಲ” ಅಂತ ನಗುತ್ತಿದ್ದಳು. ಅದು ತಮಾಷೆಯ ಮಾತೇನೂ ಅಲ್ಲ. ನನಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಳು. ಅತ್ತೆಗೆ ಆಗ ಮೂವತ್ತೊಂದು. ನೋಡಿಹೋಗಿದ್ದ ಒಂದು ಸಂಬಂಧವಿತ್ತಂತೆ. ಅವರಿಗೆ ಹೇಳಿಕಳಿಸಿ, ತನ್ನ ಮಂಚವನ್ನು ಎತ್ತಿಸಿಕೊಂಡು ನನ್ನ ಕೋಣೆಗೆ ಬಂದಳು. ನನ್ನ ತಲೆ ಬಾಚುವುದು, ಬುತ್ತಿ ಕಟ್ಟುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು, ಎಲ್ಲವೂ ಅವಳದೇ ಆಯಿತು. ಆಗ ನನಗೆ ಅದೆಲ್ಲ ಸಹಜವಾಗಿತ್ತು. ಗಾಳಿ ಇದ್ದ ಹಾಗೆ ಅತ್ತೆ ಇದ್ದಳು.

ಅವಳಿಗೆ ಮೂವತ್ತಮೂರು ಆಗಿದ್ದಾಗ ಆಸ್ಪತ್ರೆಯ ಲಿಫ್ಟು ಕೆಟ್ಟು, ರಿಪೇರಿಗೆ ಒಬ್ಬರು ಬಂದರು. ಲಿಫ್ಟು ಕಂಪನಿಯ ಮೆಕ್ಯಾನಿಕ್, ವಯಸ್ಸು ನಲವತ್ತರ ಆಸುಪಾಸು, ಒಂಟಿ ಮನುಷ್ಯ. ಕೆಲಸ ಮುಗಿಸಿ ಹೊರಟವರು ಬ್ಲಡ್ ಬ್ಯಾಂಕಿನ ಬಾಗಿಲಲ್ಲಿದ್ದ ಬೋರ್ಡು ಓದಿ ಒಳಗೆ ಬಂದು, “ನಂದು ಓ ನೆಗೆಟಿವ್. ಬೇಕಾ?” ಅಂದರಂತೆ, ಅಂಗಡಿಯಲ್ಲಿ ಹಳೇ ಪೇಪರು ಬೇಕಾ ಅಂತ ಕೇಳುವವರ ಹಾಗೆ. ಆ ಗುಂಪಿನ ರಕ್ತ ಯಾರಿಗೆ ಬೇಕಾದರೂ ಕೊಡಬಹುದು, ಸಿಗುವುದು ಮಾತ್ರ ಅಪರೂಪ. ಅತ್ತೆ ಕುರ್ಚಿ ತೋರಿಸಿದಳು. ಅವರ ಮೊಣಕೈವರೆಗೂ ಗ್ರೀಸು ಮೆತ್ತಿತ್ತು. “ಮೊದಲು ಹೋಗಿ ಕೈ ತೊಳ್ಕೊಂಡು ಬನ್ನಿ” ಅಂತ ಸೋಪು ಕೊಟ್ಟು ಕಳಿಸಿದಳು. ಬಂದರು. “ಇನ್ನೊಂದ್ಸಲ” ಅಂದಳು. ಮತ್ತೆ ಹೋದರು.

ಅವತ್ತಿನಿಂದ ಐದು ವರ್ಷ, ತೊಂಬತ್ತು ದಿನಕ್ಕೊಮ್ಮೆ ಅವರು ತಪ್ಪದೆ ಬಂದರು. ಒಂದು ಸಲ ಕೊಟ್ಟ ಮೇಲೆ ಅಷ್ಟು ದಿನ ಕಾಯಲೇಬೇಕು, ಅದು ನಿಯಮ. ಅವರು ತೊಂಬತ್ತೊಂದನೆಯ ದಿನಕ್ಕೆ ಹಾಜರ್. ಕೈಯನ್ನು ಮನೆಯಲ್ಲೇ ಕೆಂಪಾಗುವಷ್ಟು ಉಜ್ಜಿ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದರು. ಸೂಜಿ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿ ಮೂವತ್ತು ಎಣಿಸುವಷ್ಟು ಹೊತ್ತು ಒರೆಸಬೇಕು, ಚರ್ಮದ ಮೇಲಿನ ಕ್ರಿಮಿ ಚೀಲಕ್ಕೆ ಇಳಿಯಬಾರದು ಅಂತ. ಉಳಿದವರಿಗೆ ಅತ್ತೆ ಮೂವತ್ತು ಎಣಿಸುತ್ತಿದ್ದಳು. ಅವರಿಗೆ ನಲವತ್ತು.

ಮಾತು ಏನು ಮಹಾ? “ಲಿಫ್ಟು ಹೇಗಿದೆ?” “ಮೇಲೆ ಕೆಳಗೆ ಓಡಾಡ್ಕೊಂಡಿದೆ ಮೇಡಂ.” “ನೀವು?” “ನಾನೂ ಹಾಗೇ.” ಚೀಲ ತುಂಬಲು ಏಳೆಂಟು ನಿಮಿಷ, ಆಮೇಲೆ ಬಿಸ್ಕತ್ತು, ಹಣ್ಣಿನ ರಸ, ಹದಿನೈದು ನಿಮಿಷ ಕೂತಿರಬೇಕು. ಅವರಷ್ಟು ನಿಧಾನವಾಗಿ ಬಿಸ್ಕತ್ತು ತಿನ್ನುವವರನ್ನು ತಾನು ಕಂಡೇ ಇಲ್ಲ ಅನ್ನುತ್ತಾಳೆ ಅತ್ತೆ. ಆ ದಿನ ಮನೆಗೆ ಬಂದರೆ ಅವಳ ದನಿಯೇ ಬೇರೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದಳು. ಮಾರನೆಯ ದಿನದಿಂದ ಮತ್ತೆ ಎಂದಿನಂತೆ. ಮೂರು ತಿಂಗಳಿಗೊಂದು ಸಂಜೆ ಅತ್ತೆ ಯಾಕೆ ಹಾಗೆ ಆಗುತ್ತಾಳೆ ಅಂತ ನಾನು ಯಾವತ್ತೂ ಯೋಚಿಸಲಿಲ್ಲ.

ಇಪ್ಪತ್ತೊಂದನೆಯ ಸಲ ಅವರು ಬಂದಾಗ ಎಂದಿನಂತೆ ಅತ್ತೆ ಫಾರಂ ಹಿಡಿದು ಪ್ರಶ್ನೆ ಕೇಳಿದಳು. ಔಷಧಿ ಏನಾದರೂ ತಗೊಳ್ತಿದೀರಾ? ಇಲ್ಲ. ಹಲ್ಲು ಕೀಳಿಸಿದ್ರಾ? ಇಲ್ಲ. ಕಳೆದ ಎರಡು ವಾರದಲ್ಲಿ ಜ್ವರ, ವಾಂತಿ, ಭೇದಿ?

“ಇಲ್ಲ,” ಅಂದರು ಅವರು.

ಅತ್ತೆ ಟಿಕ್ ಹಾಕಿ, ಮೂವತ್ತರ ಮೇಲೆ ಹತ್ತು ಎಣಿಸಿ, ಸೂಜಿ ಚುಚ್ಚಿದಳು.

ಆ ಚೀಲ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕೂತಿತು. ಓ ನೆಗೆಟಿವ್ ಅಂದರೆ ಆಪತ್ತಿಗೆ ಅಂತ ಎತ್ತಿಟ್ಟುಕೊಳ್ಳುತ್ತಾರೆ. ಹೀಗಾಗಿ ಎಲ್ಲಕ್ಕಿಂತ ಹಳೆಯದಾಗುವುದೂ ಅದೇ. ಇಪ್ಪತ್ತೊಂಬತ್ತನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಹೆರಿಗೆ ವಾರ್ಡಿನಿಂದ ನರ್ಸು ಓಡುತ್ತ ಬಂದಳು. ಹೆರಿಗೆಯಾಗಿ ಗಂಟೆಯಾಗಿತ್ತು, ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಇರುವ ಎರಡೂ ಬೇಕು. ಹಿಂದೆಯೇ ಡ್ಯೂಟಿ ಡಾಕ್ಟರೂ ಬಂದರು.

ಅತ್ತೆ ಎರಡನ್ನೂ ತೆಗೆದು ಕಿಟಕಿಗೆ ಹಿಡಿದಳು. ಒಂದನ್ನು ಕೂಡಲೇ ಕೊಟ್ಟಳು. ಇನ್ನೊಂದನ್ನು ಮಗುಚಿದಳು. ಕೊಳವೆಯನ್ನು ಪಕ್ಕಕ್ಕೆ ತಂದಳು. ಕೊಳವೆಯಲ್ಲಿ ಒಳ್ಳೆ ಕೆಂಪು. ಚೀಲದಲ್ಲಿ ಕೆಂಪಿನ ಹಿಂದೆ ಯಾರೋ ನಿಂತು ನೆರಳು ಬೀಳಿಸಿದಂತೆ ಒಂದು ನೇರಳೆಗಪ್ಪು.

“ಇದು ಬೇಡ ಸಾರ್.”

“ಇಪ್ಪತ್ತೊಂಬತ್ತು ದಿನದ್ದು ಅಕ್ಕಾ, ಸ್ವಲ್ಪ ಕಪ್ಪಗೇ ಇರುತ್ತೆ. ಕೊಡಿ, ಕೊಡಿ.”

“ಹಳೇದಾಗಿ ಕಪ್ಪಾಗಿದ್ರೆ ಕೊಳವೇನೂ ಕಪ್ಪಾಗ್ಬೇಕಿತ್ತಲ್ಲ ಸಾರ್? ಎರಡೂ ಒಂದೇ ದಿನ ಹುಟ್ಟಿದ್ದು.”

“ಅಲ್ಲಿ ಹೆಣ್ಣುಮಗಳು ಬಿಳುಚ್ಕೊಂಡು ಬಿದ್ದಿದಾಳೆ,” ನರ್ಸು ಕಿರುಚಿದಳು, “ನೀವಿಲ್ಲಿ ಬಣ್ಣ ನೋಡ್ತಾ ನಿಂತಿದೀರಲ್ಲ!”

ಅತ್ತೆ ಚೀಲವನ್ನು ಎದೆಗವಚಿಕೊಂಡು ನಿಂತಳೇ ಹೊರತು ಕೊಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನು ತೆಗೆದು, ಊರಿನ ಆ ತುದಿಯ ಆಸ್ಪತ್ರೆಗೆ ಮಾಡಿ ಎರಡು ಚೀಲ ಕಳಿಸಿ ಅಂದಳು. ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಬಾಣಂತಿಯ ತಾಯಿ ಎದುರಿನ ಬೆಂಚಿನಲ್ಲಿ ಕೂತು, ರೆಪ್ಪೆ ಮುಚ್ಚದೆ ಅತ್ತೆಯ ಕೈಯಲ್ಲಿದ್ದ ಚೀಲವನ್ನೇ ನೋಡುತ್ತಿದ್ದರು. ರಕ್ತ ಇದೆ, ಇವಳು ಕೊಡುತ್ತಿಲ್ಲ. ಅವರಿಗೆ ಕಾಣುತ್ತಿದ್ದದ್ದು ಅಷ್ಟೇ. ನಾನೇ ತಪ್ಪಿದ್ದರೆ ಅಂತ ಯೋಚಿಸುತ್ತ ಆ ಇಪ್ಪತ್ತೈದು ನಿಮಿಷದಲ್ಲಿ ನಾನು ಮುದುಕಿಯಾದೆ ಅನ್ನುತ್ತಾಳೆ ಅತ್ತೆ.

ಬಾಣಂತಿ ಬದುಕಿಕೊಂಡಳು. ಮಧ್ಯಾಹ್ನ ಡಾಕ್ಟರಮ್ಮ ಆ ಚೀಲದ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎದ್ದು ಅತ್ತೆಗೆ ಜಾಗ ಬಿಟ್ಟರು. ಹೊಲದಲ್ಲಿ ಕಡ್ಡಿ ಚೆಲ್ಲಿದಂತೆ ಕ್ರಿಮಿಗಳು. ಕೆಲವು ದಿನ ಬೆಳೆಸಿ ನೋಡಿದ ಮೇಲೆ ಹೆಸರೂ ಸಿಕ್ಕಿತು: ಎರ್ಸೀನಿಯಾ.

“ಹೊಟ್ಟೆ ಕೆಡಿಸೋ ಕ್ರಿಮಿ ಇದು,” ಡಾಕ್ಟರಮ್ಮ ವಿವರಿಸಿದರು. “ಭೇದಿ ನಿಂತು ಮನುಷ್ಯ ಆರಾಮಾದ ಮೇಲೂ ಒಂದಷ್ಟು ದಿನ ಅಲ್ಲೊಂದು ಇಲ್ಲೊಂದು ರಕ್ತದಲ್ಲಿ ಸುತ್ತಾಡ್ತಿರುತ್ತೆ. ಅವನಿಗೆ ಏನೂ ಅನ್ನಿಸಲ್ಲ. ಚೀಲಕ್ಕೆ ಬಂದ್ಮೇಲೆ ಕೇಳೋರಿಲ್ಲ. ತಣ್ಣಗಿರೋ ಜಾಗ, ತಿನ್ನೋಕೆ ರಕ್ತದ ಕಬ್ಬಿಣ. ಮೂರ್ನಾಲ್ಕು ವಾರಕ್ಕೆ ಚೀಲಪೂರ್ತಿ ವಿಷ. ಇದನ್ನ ಏರಿಸಿದ್ದಿದ್ರೆ ಆ ಹುಡುಗಿಗೆ ನಡುಕ ಹತ್ತಿ, ಬಿಪಿ ಬಿದ್ದು, ಸಂಜೆ ಒಳಗೆ ಮುಗೀತಿತ್ತು. ಯಾರ ರಕ್ತ ಇದು, ನೋಡಿ.”

ಚೀಲದ ಮೇಲೆ ಬರೀ ನಂಬರು. ಅತ್ತೆ ರಿಜಿಸ್ಟರು ತೆಗೆದು ನಂಬರಿನ ಸಾಲಿಗೆ ಬೆರಳಿಟ್ಟು ಸರಿಸಿದಳು. ಕೊನೆಗೆ ಸಹಿಯ ಜಾಗ ಬಂತು. ಲಿಫ್ಟಿನವರ ಸಹಿ.

ದಾನಿಯನ್ನು ಕರೆಸಿ ವಿಚಾರಿಸಬೇಕು, ಅದೂ ನಿಯಮವೇ. ಮಾರನೆಯ ದಿನ ನಾಲ್ಕು ಗಂಟೆಗೆ ಅವರು ಬಂದರು. ತೊಂಬತ್ತು ದಿನ ಆಗುವ ಮೊದಲೇ ಕರೆದರೆಂಬ ಸಂತೋಷಕ್ಕೋ ಏನೋ, ಮುಖದಲ್ಲಿ ಬೆಳಕಿತ್ತಂತೆ. ಅತ್ತೆ ಫಾರಮನ್ನು ಅವರ ಮುಂದೆ ಇಟ್ಟಳು.

“ಆವತ್ತು ಹೊಟ್ಟೆ ಸರಿಯಿತ್ತಾ ನಿಮಗೆ?”

ಅವರು ಟಿಕ್ಕಿನ ಗುರುತು ನೋಡಿದರು. ಬೆಳಕು ಆರಿತು.

“ಹಿಂದಿನ ವಾರ ಕೆಟ್ಟಿತ್ತು ಮೇಡಂ. ನಾಲ್ಕು ದಿನ. ಆಮೇಲೆ ಸರಿಹೋಗಿತ್ತು.”

“ಮತ್ತೆ ಇಲ್ಲ ಅಂದ್ರಲ್ಲ?”

“ಹೂಂ ಅಂದಿದ್ರೆ ವಾಪಸ್ ಕಳಿಸ್ತಿದ್ರಿ.”

“ಎರಡು ವಾರ ಬಿಟ್ಟು ಬನ್ನಿ ಅಂತಿದ್ದೆ. ಎರಡೇ ವಾರ!”

ಅವರು ಫಾರಮನ್ನು ಅತ್ತೆಯ ಕಡೆಗೆ ಸರಿಸಿದರು. ಆಮೇಲೆ, “ತೊಂಬತ್ತು ದಿನ ಒಂದೊಂದೇ ಎಣಿಸಿದ್ದೆ ಮೇಡಂ. ಇನ್ನು ಹದಿನಾಲ್ಕು ಎಣಿಸೋಕೆ ಆಗ್ಲಿಲ್ಲ. ಆವತ್ತು ನಿಮ್ಮ ಹತ್ರ ಒಂದು ಮಾತು ಕೇಳೋಣ ಅಂತಾನೂ ಬಂದಿದ್ದೆ. ಕೂತ್ಮೇಲೆ ಧೈರ್ಯ ಆಗ್ಲಿಲ್ಲ.”

ಅತ್ತೆಗೆ ಎಲ್ಲವೂ ಅರ್ಥವಾಯಿತು. ಐದು ವರ್ಷ ಯಾವ ಮಾತಿಗಾಗಿ ಅವಳು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದಳೋ ಆ ಮಾತು ಬಾಗಿಲವರೆಗೆ ಬಂದು ನಿಂತಿತ್ತು. ಆದರೆ ಅವಳ ಕಣ್ಣ ಮುಂದೆ ಬೆಂಚಿನ ಮೇಲಿನ ಆ ತಾಯಿ ಇದ್ದರು.

“ನಿಮ್ಮ ಚೀಲ ಕಪ್ಪಿಟ್ಟಿತ್ತು, ಕೊಳವೆ ಕೆಂಪಾಗೇ ಇತ್ತು. ಅದನ್ನ ಏರಿಸ್ಬೇಕಿದ್ದ ಹುಡುಗಿಗೆ ಇಪ್ಪತ್ತಮೂರು ವರ್ಷ,” ಅಂದಳು. “ಮಗು ಹುಟ್ಟಿ ಒಂದು ಗಂಟೆ ಆಗಿತ್ತು. ಅದಕ್ಕೆ ಅಮ್ಮನ ಮುಖಾನೂ ಸರಿಯಾಗಿ ಗೊತ್ತಿರಲಿಲ್ಲ.”

ಅವರು ಎದ್ದರು. ಕುರ್ಚಿಯನ್ನು ಸದ್ದಾಗದಂತೆ ಒಳಗೆ ಸರಿಸಿದರು. ಹೊರಟುಹೋದರು.

ಅತ್ತೆ ವರದಿ ಬರೆಯಲು ಕೂತಳು. ಡಾಕ್ಟರಮ್ಮ ಹೇಳಿದ್ದು ನಾಲ್ಕು ಸಾಲು. ದಾನಿ ಮಾಹಿತಿ ಮುಚ್ಚಿಟ್ಟಿದ್ದಾರೆ, ಚೀಲವನ್ನು ಸಕಾಲದಲ್ಲಿ ತಡೆಹಿಡಿಯಲಾಗಿದೆ, ಅಷ್ಟು ಸಾಕು. ಅತ್ತೆ ಐದನೆಯ ಸಾಲು ಬರೆದಳು: ‘ದಾನಿಯ ಮುಖ ಸೊರಗಿದ್ದನ್ನು ಗಮನಿಸಿಯೂ ನಾನು ಎರಡನೆಯ ಸಲ ಕೇಳಲಿಲ್ಲ.’

“ಇದನ್ಯಾಕೆ ಬರೆದ್ರಿ?” ಡಾಕ್ಟರಮ್ಮ ಗಾಬರಿಯಾದರು. “ನೀವೇ ಅಲ್ವೇನ್ರೀ ಹಿಡಿದದ್ದು?”

“ನಿಜ ಮೇಡಂ ಅದು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಗುಳಿ ಬಿದ್ದಿತ್ತು. ಚೀಲದಲ್ಲಿ ಕೂದಲೆಳೆ ವ್ಯತ್ಯಾಸ ಕಾಣೋ ಕಣ್ಣಿಗೆ ಅದು ಕಾಣಲಿಲ್ಲ ಅಂತ ಹೇಗೆ ಬರೀಲಿ?”

ಅವಳೂ ತೊಂಬತ್ತು ಎಣಿಸಿದ್ದಳು. ವಾಪಸ್ ಕಳಿಸುವ ಮನಸ್ಸು ಅವಳಿಗೂ ಇರಲಿಲ್ಲ. ಅದನ್ನು ಮಾತ್ರ ಅವಳು ಬರೆಯಲಿಲ್ಲ. ದಾನಿಗಳ ಕುರ್ಚಿಯ ಕೆಲಸದಿಂದ ನನ್ನನ್ನು ಬಿಡಿಸಿ ಅಂತ ತಾನೇ ಕೇಳಿಕೊಂಡು, ಅಲ್ಲಿಂದಾಚೆ ನಿವೃತ್ತಿಯವರೆಗೂ ಫ್ರಿಜ್ಜಿನ ಕೋಣೆಯಲ್ಲೇ ಉಳಿದಳು.

ತೊಂಬತ್ತೊಂದನೆಯ ದಿನ ಬಂತು. ಅತ್ತೆ ಯಾವುದೋ ನೆಪ ಮಾಡಿಕೊಂಡು ಮುಂದಿನ ಕೋಣೆಗೆ ನಾಲ್ಕು ಸಲ ಹೋಗಿಬಂದಳು. ಅವರು ಬರಲಿಲ್ಲ. ಮುಂದಿನ ತೊಂಬತ್ತೊಂದಕ್ಕೂ ಇಲ್ಲ. ಒಂದು ದಿನ ಲಿಫ್ಟು ನಿಂತು, ಯಾರೋ ಹೊಸಬ ರಿಪೇರಿಗೆ ಬಂದ. ಅತ್ತೆ ಕೈಯಲ್ಲೊಂದು ಟ್ರೇ ಹಿಡಿದು, ಅಲ್ಲೇ ಹಾದುಹೋಗುವವಳಂತೆ ಕೇಳಿದಳು.

“ಮೊದಲು ಬರ್ತಿದ್ರಲ್ಲ, ಅವರು?”

“ಅವ್ರಾ? ಬೇರೆ ಊರಿಗೆ ವರ್ಗ ಕೇಳಿ ಹಾಕಿಸ್ಕೊಂಡು ಹೋದ್ರಕ್ಕಾ. ಯಾಕಂತ ಯಾರಿಗೂ ಗೊತ್ತಿಲ್ಲ.”

ಊರಿನ ಹೆಸರು ಹೇಳಿದ. ಆರು ಗಂಟೆಯ ಬಸ್ಸಿನ ದಾರಿ. ಅತ್ತೆ ಟ್ರೇ ಹಿಡಿದು ಮೆಟ್ಟಿಲು ಹತ್ತಿದಳು.

ಆಮೇಲಿನ ಇಪ್ಪತ್ತು ವರ್ಷದ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ನಾನು ಓದಿದೆ, ಶಾಲೆಯಲ್ಲಿ ಟೀಚರಾದೆ. ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಅತ್ತೆ ಬೆಳಿಗ್ಗೆ ಅಣ್ಣನಿಗೆ ಮುಖ ತೊಳೆಸಿ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬಂದು ಕೈಕಾಲು ಒತ್ತುತ್ತಿದ್ದಳು. ನಮ್ಮ ಕೋಣೆಯಲ್ಲಿ ಎರಡು ಮಂಚ ಹಾಗೇ ಇದ್ದವು. ಯಾವಾಗಲಾದರೊಮ್ಮೆ, ಎಲ್ಲಾ ಕೆಲಸ ಮುಗಿದ ಒಂದು ಸಂಜೆ, ಸುಮ್ಮನೆ ಕಿಟಕಿಯ ಹತ್ತಿರ ನಿಂತುಬಿಡುತ್ತಿದ್ದಳು. “ಏನತ್ತೆ?” ಅಂದರೆ “ಏನಿಲ್ಲ ಕಣೇ, ಇವತ್ತು ತಾರೀಖು ಎಷ್ಟು?” ಅನ್ನುತ್ತಿದ್ದಳು. ಹೇಳಿದರೆ ತಲೆಯಾಡಿಸುತ್ತಿದ್ದಳು, ಗೊತ್ತಿದ್ದ ಸಂಗತಿಯನ್ನೇ ಕೇಳಿದವಳಂತೆ.

ನಿವೃತ್ತಿಯಾದ ಮಾರನೆಯ ವಾರ ಇದ್ದಕ್ಕಿದ್ದ ಹಾಗೆ, “ಪುಟ್ಟಿ, ಭಾನುವಾರ ನನ್ನ ಜೊತೆ ಒಂದೂರಿಗೆ ಬರ್ತೀಯಾ?” ಅಂದಳು. ಅಪ್ಪನ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ಹೊರಟೆವು. ಮೇಲೆ ಬರೆದದ್ದಷ್ಟನ್ನೂ ಅವಳು ನನಗೆ ಹೇಳಿದ್ದು ಆ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ನಾನು ಟಿಕೆಟನ್ನು ಮಡಚಿ ಮಡಚಿ ಚೂರು ಮಾಡಿದ್ದೆ.

ಕಂಪನಿಯ ಹಳಬರನ್ನು ವಿಚಾರಿಸಿ ಮನೆ ಹುಡುಕಿದೆವು. ತಮ್ಮನ ಮಗನ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಮಡಿಚಿಟ್ಟ ಹಾಸಿಗೆ, ಒಂದು ಕುರ್ಚಿ. ಬಾಗಿಲು ತೆರೆದ ಮನುಷ್ಯನಿಗೆ ಅರವತ್ತೈದು ದಾಟಿತ್ತು, ಅಂಗಿಗೆ ಇಸ್ತ್ರಿ ಇತ್ತು. ಅವರು ಅತ್ತೆಯನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, “ತೊಳ್ಕೊಂಡು ಬಂದೆ, ಕೂತ್ಕೊಳ್ಳಿ” ಅಂತ ಒಳಗೆ ಹೋದರು. ಅತ್ತೆ ನಕ್ಕಳು. ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.

ಅವರಿಗೆ ಹಿಂದಿನ ವರ್ಷ ಹೃದಯದ ಆಪರೇಷನ್ ಆಗಿತ್ತು. “ಮೂರು ಚೀಲ ಏರಿಸಿದ್ರು ಮೇಡಂ. ಏರಿಸೋ ಮುಂಚೆ, ಚೀಲಾನೂ ಕೊಳವೇನೂ ಪಕ್ಕಪಕ್ಕ ಇಟ್ಟು ತೋರಿಸಮ್ಮಾ ಅಂದೆ ನರ್ಸಿಗೆ. ನೀವೇನು ಡಾಕ್ಟ್ರಾ ಅಂತ ಬೈದಳು. ಆಮೇಲೆ ತೋರಿಸಿದಳು ಪಾಪ.”

“ಇಲ್ಲೂ ರಕ್ತ ಕೊಟ್ರಾ?”

“ಡಾಕ್ಟ್ರು ಒಪ್ಪಿದ ಮೇಲೆ, ವಯಸ್ಸು ಮೀರೋವರೆಗೂ ಕೊಟ್ಟೆ. ಹೊಟ್ಟೆ ಒಂಚೂರು ಗುಡುಗುಟ್ಟಿದ್ರೂ ಫಾರಮ್ಮಲ್ಲಿ ಬರೆಸ್ತಿದ್ದೆ. ಇಲ್ಲಿಯವರಿಗೆ ನನ್ನ ಹೊಟ್ಟೆ ಪುರಾಣ ಕೇಳಿ ಸಾಕಾಗಿತ್ತು.”

ನಾನು ಎದ್ದು ಮಹಡಿಯ ಹೊರಗೆ ಹೋಗಿ ನಿಂತೆ. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸುತ್ತಿತ್ತು.

“ಆವತ್ತು ಒಂದು ಮಾತು ಕೇಳೋಣ ಅಂತಿದ್ದೆ ಅಂದಿದ್ನಲ್ಲ,” ಅಂದರು ಅವರು.

“ನೆನಪಿದೆ.”

“ಈಗ ಕೇಳಿದ್ರೆ?”

“ಈಗ ಕೇಳ್ಬೇಡಿ,” ಅಂದಳು ಅತ್ತೆ. “ಹೂಂ ಅಂದ್ಬಿಡ್ತೀನಿ. ಮನೇಲಿ ಅಣ್ಣ ಇದಾನೆ, ಎಡಗೈಯಲ್ಲಿ ಚಮಚ ಹಿಡಿಯೋಕೂ ನಾನೇ ಬೇಕು.”

ಬರುವಾಗ ಬಸ್ಸಿನಲ್ಲಿ ನಾನು ಹೇಳಿದೆ: “ಅಪ್ಪನ್ನ ನಾನು ನೋಡ್ಕೊಳ್ತೀನಿ ಅತ್ತೆ. ನೀನು ಹೋಗು.”

“ನಿಂಗೆ ಶಾಲೆ ಇಲ್ವೇನೇ?” ಅಂದಳು. ಅಷ್ಟೇ.

ಆಮೇಲೆ ಎರಡು ವರ್ಷ ಪ್ರತಿ ಭಾನುವಾರ ಹತ್ತು ಗಂಟೆಗೆ ಅವರ ಫೋನು ಬರುತ್ತಿತ್ತು. ಅಪ್ಪ ತೀರಿಕೊಂಡು ಮೂರು ತಿಂಗಳಾದ ಮೇಲೆ ನಾನೇ ಪೆಟ್ಟಿಗೆ ಕೆಳಗಿಳಿಸಿ ಅವಳ ಬಟ್ಟೆ ತುಂಬಿದೆ. ಅವಳು ಬೇಡ ಬೇಡ ಅನ್ನುತ್ತಲೇ, ನಾನು ಮಡಿಚಿದ್ದು ಸರಿಯಿಲ್ಲ ಅಂತ ಬಿಚ್ಚಿ ಮತ್ತೆ ಮಡಿಚಿದಳು. ಮದುವೆ ಗಿದುವೆ ಅಂತ ಏನೂ ಮಾಡಿಕೊಳ್ಳಲಿಲ್ಲ. ಅವರ ಮನೆಯಿಂದ ಎರಡು ಬೀದಿ ಆಚೆ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಳು. ಬೆಳಿಗ್ಗೆ ತಿಂಡಿಗೆ ಅವರು ಬರುತ್ತಾರೆ, ಸಂಜೆ ಇಬ್ಬರೂ ಪಾರ್ಕಿನ ಸುತ್ತ ನಿಧಾನವಾಗಿ ನಾಲ್ಕು ಸುತ್ತು ಹಾಕುತ್ತಾರೆ. ಅವರಿಗೆ ಏದುಸಿರು ಬಂದರೆ ಮೂರು. ಹೋಗಿ ನೋಡಿಕೊಂಡು ಬಂದಿದ್ದೇನೆ. ಅತ್ತೆ ಮೈ ತುಂಬಿಕೊಂಡಿದ್ದಾಳೆ. ಕಳೆದುಹೋದ ಇಪ್ಪತ್ತೆರಡು ವರ್ಷದ ಮಾತು ಇಬ್ಬರೂ ಎತ್ತುವುದಿಲ್ಲ. ಅವರು ಬಿಸ್ಕತ್ತು ಮುಗಿಸುವವರೆಗೆ ಅತ್ತೆ ಎದುರಿಗೆ ಕೂತಿರುತ್ತಾಳೆ. ಎದ್ದುಹೋಗುವ ಅವಸರ ಈಗ ಇಬ್ಬರಿಗೂ ಇಲ್ಲ.

ನಾನು ಮಾತ್ರ ಆ ಕೋಣೆಯಲ್ಲೇ ಇದ್ದೇನೆ. ಅತ್ತೆಯ ಮಂಚವನ್ನು ತೆಗೆಸಿ ಜಾಗ ಮಾಡಿಕೋ ಅಂತ ಗೆಳತಿಯರು ಹೇಳುತ್ತಾರೆ. ಉತ್ತರ ಪತ್ರಿಕೆ ತಿದ್ದುತ್ತ ಏನೋ ನಗು ಬಂದಾಗ ತಲೆ ಎತ್ತಿ ಆ ಕಡೆ ತಿರುಗುತ್ತೇನೆ. ಫೋನಿನಲ್ಲಿ ಪ್ರತಿ ಸಲ ಕೇಳುತ್ತೇನೆ, “ಯಾವಾಗ ಬರ್ತೀಯತ್ತೆ?”

“ಬರ್ತೀನಿ ಕಣೇ ಪುಟ್ಟಿ. ಇವರಿಗೆ ಮಂಗಳವಾರ ಡಾಕ್ಟ್ರ ಹತ್ರ ಹೋಗೋದಿದೆ, ಅದು ಮುಗೀಲಿ.”

ಕಳೆದ ತಿಂಗಳೂ ಹಾಗೇ ಅಂದಿದ್ದಳು. ನಾನು ಹೂಂ ಅನ್ನುತ್ತೇನೆ.